ಕಠಿಣ ಹಾಫ್ ಓಡಿದರೆ ಮ್ಯಾರಥಾನ್‌ಗೆ ತಯಾರಾದಂತೆಯೇ?

"ಏರಿಳಿತದ ದಾರಿಯಲ್ಲಿ ಹಾಫ್ ಓಡಿದವನಿಗೆ ಫುಲ್ ಮ್ಯಾರಥಾನ್ ಲೆಕ್ಕಕ್ಕೇ ಇಲ್ಲ" ಎನ್ನುವವರಿದ್ದಾರೆ. ಇದು ಅರ್ಧ ಸತ್ಯ.

ಮ್ಯಾರಥಾನ್ ಎಂದರೆ 42.195 ಕಿ.ಮೀ. ಹೆಚ್ಚುಕಡಿಮೆ ಹುಣಸೂರಿನಿಂದ ಮೈಸೂರಿಗೆ ಓಡಿದಂತೆ. ಬಿಳಿಕೆರೆ ದಾಟಿ, ಇಲವಾಲ ಬರುವ ಮೊದಲೇ ಹಾಫ್ ಮುಗಿದಿರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಾಚೆ. ಓಡುವಾಗ ದೇಹತೂಕದ ಪ್ರತಿ ಕೆ.ಜಿ.ಗೆ, ಪ್ರತಿ ಕಿ.ಮೀ.ಗೆ ಸುಮಾರು 1 ಕ್ಯಾಲೊರಿ ಖರ್ಚಾಗುತ್ತದೆ. 60 ಕೆ.ಜಿ. ತೂಗುವವರಿಗೆ ಹಾಫ್‌ಗೆ ಸುಮಾರು 1,270 ಕ್ಯಾಲೊರಿ, ಫುಲ್‌ಗೆ 2,500. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ಆಗಿ ಕೂಡಿಟ್ಟ ಸಕ್ಕರೆಯಿಂದ ಸಿಗುವುದು ಸುಮಾರು 2,000 ಮಾತ್ರ. ಕೊಬ್ಬೂ ಉರಿಯುತ್ತದೆ, ಆದರೆ ನಿಧಾನವಾಗಿ. ಹಾಗಾಗಿಯೇ 30 ಕಿ.ಮೀ. ಆಸುಪಾಸಿನಲ್ಲಿ, ಅಂದರೆ ಇಲವಾಲದ ಹತ್ತಿರ, ಅನೇಕರಿಗೆ ಕಾಲು ಸೋಲುವುದು. ಹಾಫ್‌ನಲ್ಲಿ ಈ ಅನುಭವ ಆಗುವುದೇ ಅಪರೂಪ.

ಹಾಗೆಂದು ಕಠಿಣ ಹಾಫ್ ವ್ಯರ್ಥವಲ್ಲ. ಯಾವ ತಿಂಡಿ ಹೊಟ್ಟೆಗೆ ಒಗ್ಗುತ್ತದೆ, ಶೂ ಎಲ್ಲಿ ಕಚ್ಚುತ್ತದೆ ಎಂಬುದೆಲ್ಲ ಅಲ್ಲೇ ಗೊತ್ತಾಗುವುದು. ವೇಗದ ಅಂದಾಜೂ ಸಿಗುತ್ತದೆ: ಪೀಟ್ ರೀಗಲ್ ಸೂತ್ರದಂತೆ 2 ಗಂಟೆಯ ಹಾಫ್ ಓಟಗಾರರಿಗೆ ಫುಲ್ ಸುಮಾರು 4 ಗಂಟೆ 10 ನಿಮಿಷ, ಅದೂ ಉದ್ದ ಓಟಗಳ ಅಭ್ಯಾಸವಿದ್ದರೆ. ಏರುದಾರಿಯ ಹಾಫ್‌ಗೆ ಈ ಲೆಕ್ಕ ಅಷ್ಟು ಸರಿಹೊಂದದು.

ಏರಿಗಿಂತ ಇಳಿಜಾರೇ ತೊಡೆಯ ಸ್ನಾಯುಗಳನ್ನು ಹೆಚ್ಚು ನೋಯಿಸುತ್ತದೆ. ಆದ್ದರಿಂದ ಇಂಥ ಓಟ ಮ್ಯಾರಥಾನ್‌ಗೆ ನಾಲ್ಕೈದು ವಾರ ಮೊದಲೇ ಮುಗಿದಿರಲಿ. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ. ವೈದ್ಯರಿಗೆ ತೋರಿಸದೆ ಮತ್ತೆ ಓಡಬೇಡಿ.