ತಕ್ಕಡಿಗೆ ಮುದ್ರೆ, ಜಾಲತಾಣಕ್ಕೆ ವಿನಾಯಿತಿ

ವ್ಯಾಪಾರ ಧರ್ಮದ ಮೊದಲ ಪಾಠ ಆರಂಭವಾಗುವುದೇ ತಕ್ಕಡಿಯಿಂದ. ನಾಲತವಾಡದ ಪೇಟೆಯಲ್ಲಿ ಬೇಳೆ-ಬೆಲ್ಲ ತೂಗುವ ಕಿರಾಣಿ ಅಂಗಡಿಯ ತಕ್ಕಡಿಯಾದರೂ ಸರಿ, ತಾಳಿಕೋಟೆಯ ಅಡತಿ ಅಂಗಡಿಯ ದೊಡ್ಡ ಕಾಟಾ ಆದರೂ ಸರಿ, ನಿಯತ ಅವಧಿಗೊಮ್ಮೆ ಪರೀಕ್ಷೆಗೆ ಒಳಗಾಗಿ ಸರಕಾರದ ಮುದ್ರೆಯನ್ನು ಪಡೆಯಲೇಬೇಕು. ೨೦೦೯ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ವಿಧಿಯಿದು. ತಾನು ಪ್ರಾಮಾಣಿಕನೆಂದು ಅಂಗಡಿಕಾರನು ಎಷ್ಟು ಆಣೆ ಮಾಡಿದರೂ ಪರೀಕ್ಷೆ ತಪ್ಪದು.

ಆದರೆ ಅದೇ ಪೇಟೆಯಲ್ಲಿ ಪ್ರತಿಯೊಬ್ಬನ ಅಂಗೈಯಲ್ಲಿಯೂ ಇಂದು ಮತ್ತೊಂದು ತಕ್ಕಡಿಯಿದೆ. ಯಾವ ಸುದ್ದಿ ಮೇಲೇಳಬೇಕು, ಯಾವುದು ತಳದಲ್ಲಿ ಉಳಿಯಬೇಕು, ಯಾವ ದ್ವೇಷದ ಮಾತು ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ತೂಗಿ ನಿರ್ಧರಿಸುವ ಸಾಮಾಜಿಕ ಜಾಲತಾಣದ ಲೆಕ್ಕಾಚಾರವೇ ಆ ತಕ್ಕಡಿ. ಅದಕ್ಕೆ ನಮ್ಮ ದೇಶದಲ್ಲಿ ಮುದ್ರೆಯೂ ಇಲ್ಲ, ಪರೀಕ್ಷಕನೂ ಇಲ್ಲ. ಎರಡು ರೂಪಾಯಿಯ ತೂಕದಲ್ಲಿ ಮೋಸವಾದೀತೆಂದು ಎಚ್ಚರ ವಹಿಸುವ ರಾಜ್ಯವು ಕೋಟ್ಯಂತರ ಜನರ ಮನಸ್ಸನ್ನು ತೂಗುವ ಯಂತ್ರದ ಮುಂದೆ ಕಣ್ಣು ಮುಚ್ಚಿ ಕುಳಿತಿರುವುದು ಯಾವ ನ್ಯಾಯ?

ಕಾನೂನು ಇಲ್ಲವೆಂದಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೭೯ನೆಯ ಕಲಂ ಜಾಲತಾಣಗಳನ್ನು ‘ಮಧ್ಯವರ್ತಿ’ಗಳೆಂದು ಪರಿಗಣಿಸಿ, ಪರರು ಬರೆದುದಕ್ಕೆ ಅವು ಹೊಣೆಯಲ್ಲವೆಂದು ರಕ್ಷಣೆ ನೀಡಿದೆ. ಆ ರಕ್ಷಣೆಗೆ ಸಂಬಂಧಿಸಿದ ಷರತ್ತುಗಳಲ್ಲಿ ಮೂರನ್ನು ಗಮನಿಸಬೇಕು: ಮಧ್ಯವರ್ತಿಯು ಸಂದೇಶದ ರವಾನೆಯನ್ನು ತಾನಾಗಿ ಆರಂಭಿಸಬಾರದು, ಅದನ್ನು ಪಡೆಯುವವನನ್ನು ತಾನು ಆರಿಸಬಾರದು, ಸಂದೇಶದ ಒಳಗಿರುವುದನ್ನು ಆರಿಸಲೂ ಬಾರದು, ಬದಲಿಸಲೂ ಬಾರದು. ಅಂಚೆಯವನಿಗೆ ಈ ಮಾತು ಒಪ್ಪುತ್ತದೆ. ಆದರೆ ಯಾರಿಗೆ ಏನನ್ನು ತೋರಿಸಬೇಕೆಂದು ಆರಿಸುವುದನ್ನೇ ಉದ್ಯೋಗವಾಗಿಸಿಕೊಂಡು, ಓದುಗನನ್ನು ಹೆಚ್ಚು ಹೊತ್ತು ಹಿಡಿದಿಟ್ಟಷ್ಟೂ ಜಾಹೀರಾತಿನ ಹಣ ಎಣಿಸುವ ಸಂಸ್ಥೆಯು ತಾನೂ ಅಂಚೆಯವನೆಂದು ಹೇಳಿಕೊಂಡರೆ ಅದನ್ನು ನಂಬುವುದು ಹೇಗೆ?

ಜೈನ ನೀತಿಶಾಸ್ತ್ರದಲ್ಲಿ ಕರ್ಮಕ್ಕೆ ಮೂರು ದ್ವಾರಗಳು: ಕೃತ, ಕಾರಿತ, ಅನುಮೋದಿತ. ತಾನು ಮಾಡಿದುದು, ಪರರಿಂದ ಮಾಡಿಸಿದುದು, ಪರರು ಮಾಡಿದುದಕ್ಕೆ ಸಮ್ಮತಿಸಿದುದು. ಈ ಮೂರರಲ್ಲಿಯೂ ಪಾಲುಂಟು. ಸುಳ್ಳನ್ನು ಬರೆದವನದು ಕೃತ. ಅದಕ್ಕೆ ಬೆರಳೊತ್ತಿ ಮೆಚ್ಚಿದವನದು ಅನುಮೋದಿತ. ಅದನ್ನು ಆರಿಸಿ ಲಕ್ಷ ಜನರ ಮುಂದಿಟ್ಟು ಲಾಭ ಗಳಿಸಿದವನಿಗೆ ಮಾತ್ರ ಯಾವ ಪಾಲೂ ಇಲ್ಲವೆಂದು ಯಾವ ಶಾಸ್ತ್ರವೂ ಹೇಳಲಾರದು. ನಮ್ಮ ಕಾನೂನು ಮಾತ್ರ ಬಹುಮಟ್ಟಿಗೆ ಹಾಗೆಯೇ ಹೇಳುತ್ತಿದೆ.

ಹಾಗಾದರೆ ಇಷ್ಟು ವರ್ಷ ಕಾನೂನು ಮಾಡಿದುದೇನು? ಆಡಿದವನನ್ನು ಹಿಡಿಯುವುದು, ಆಡಿದುದನ್ನು ಅಳಿಸುವುದು. ಆಡಿದವನನ್ನು ಜೈಲಿಗೆ ಕಳುಹಿಸುತ್ತಿದ್ದ ೬೬ಎ ಕಲಂ ಅತಿ ಅಸ್ಪಷ್ಟವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚ್ ೨೪ರಂದು ರದ್ದುಪಡಿಸಿತು. ಉಳಿದ ೬೯ಎ ಕಲಮಿನ ಮೂಲಕ ಕೇಂದ್ರ ಸರಕಾರವು ಬರಹಗಳನ್ನು ತಡೆಹಿಡಿಯಬಲ್ಲದು. ಅಂತಹ ಆಜ್ಞೆಗಳನ್ನು ಪ್ರಶ್ನಿಸಿದ ಟ್ವಿಟರ್ ಸಂಸ್ಥೆಯ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೩ರ ಜೂನ್ ೩೦ರಂದು ವಜಾಗೊಳಿಸಿ ೫೦ ಲಕ್ಷ ರೂಪಾಯಿ ದಂಡ ವಿಧಿಸಿತು. ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆಯು ‘ಸಹಯೋಗ್’ ಎಂಬ ಸರಕಾರಿ ವ್ಯವಸ್ಥೆಯ ವಿರುದ್ಧ ತಂದ ಅರ್ಜಿಯೂ ೨೦೨೫ರ ಸೆಪ್ಟೆಂಬರ್ ೨೪ರಂದು ಅಲ್ಲಿಯೇ ವಜಾ ಆಯಿತು. ೨೦೨೧ರ ನಿಯಮಗಳು ಜಾರಿಗೆ ಬಂದಾಗ ಸರಕಾರದ ಆಜ್ಞೆಯನ್ನು ಪಾಲಿಸಲು ೩೬ ಗಂಟೆಗಳನ್ನೂ, ಸಾಮಾನ್ಯ ನಾಗರಿಕನ ದೂರನ್ನು ತೀರಿಸಲು ೧೫ ದಿನಗಳನ್ನೂ ಗೊತ್ತುಪಡಿಸಿದವು. ಈ ಅವಧಿ ಹಿಗ್ಗಲಿ, ಕುಗ್ಗಲಿ, ಕಾನೂನಿನ ದೃಷ್ಟಿಯೆಲ್ಲ ತೆಗೆಯುವುದರ ಮೇಲೆಯೇ ಇದೆ. ೨೦೨೫ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ನಮ್ಮ ವಿಧಾನಮಂಡಲವು ಅಂಗೀಕರಿಸಿದ ದ್ವೇಷ ಭಾಷಣ ವಿಧೇಯಕದ ದಾರಿಯೂ ಇದೇ. ಹರಡಿದುದು ಹೇಗೆ, ಹರಡಿಸಿ ಗಳಿಸಿದವರಾರು ಎಂದು ಕೇಳುವವರಿಲ್ಲ.

ಈ ಪ್ರಶ್ನೆಯ ಬೆಲೆ ಎಷ್ಟೆಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮ ಬಲ್ಲದು. ೨೦೧೮ರ ಜುಲೈ ೧೩ರಂದು ಮಕ್ಕಳಿಗೆ ಚಾಕಲೇಟು ಹಂಚಿದ ಪರಸ್ಥಳದ ಮಿತ್ರರನ್ನು ಮಕ್ಕಳ ಕಳ್ಳರೆಂದು ಸಾರುವ ಸಂದೇಶ ವಾಟ್ಸಾಪಿನಲ್ಲಿ ಹಬ್ಬಿತು. ಅವರ ಕಾರು ಮುರ್ಕಿಯನ್ನು ತಲುಪುವ ಮೊದಲೇ ಸುಳ್ಳು ಅಲ್ಲಿಗೆ ತಲುಪಿತ್ತು. ಜನರು ಬಡಿದ ಬಡಿತಕ್ಕೆ ಹೈದರಾಬಾದಿನ ಯುವ ಇಂಜಿನಿಯರನೊಬ್ಬನ ಪ್ರಾಣ ಹೋಯಿತು. ಅಳಿಸುವ ಆಜ್ಞೆ ೩೬ ಗಂಟೆಯಲ್ಲಿ ಬಂದಿದ್ದರೂ ಆ ಜೀವ ಉಳಿಯುತ್ತಿತ್ತೆ?

ಅದೇ ತಿಂಗಳು ಆ ಸಂಸ್ಥೆಯು ಒಂದು ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೂಡದಂತೆ ಮಿತಿ ಹಾಕಿತು. ಬಹುಬಾರಿ ಮುಂದೂಡಲ್ಪಟ್ಟ ಸಂದೇಶವನ್ನು ೨೦೨೦ರಲ್ಲಿ ಒಮ್ಮೆಗೆ ಒಂದೇ ಕಡೆಗೆ ಸೀಮಿತಗೊಳಿಸಿದಾಗ ಅಂತಹ ಸಂದೇಶಗಳ ಹರಿವು ಶೇಕಡ ೭೦ರಷ್ಟು ತಗ್ಗಿತೆಂದು ಸಂಸ್ಥೆಯೇ ಹೇಳಿಕೊಂಡಿತು. ಇದರಿಂದ ಯಾರ ಮಾತೂ ಅಳಿಯಲಿಲ್ಲ, ಯಾರೂ ಜೈಲಿಗೆ ಹೋಗಲಿಲ್ಲ. ಹರಡುವ ವೇಗ ಮಾತ್ರ ತಗ್ಗಿತು. ಒಂದು ಗುಂಡಿಯನ್ನು ತಿರುಗಿಸಿ ಇಷ್ಟು ಮಾಡಬಲ್ಲವರು ಮೊದಲೇ ಏಕೆ ಮಾಡಲಿಲ್ಲ? ಮಾಡಲೇಬೇಕೆಂದು ಕಾನೂನು ಏಕೆ ಹೇಳಲಿಲ್ಲ?

ನಿಯಂತ್ರಣವೆಂದರೆ ವಾಕ್ ಸ್ವಾತಂತ್ರ್ಯದ ಹರಣವಾದೀತೆಂದು ಕೆಲವರು ಅಂಜುತ್ತಾರೆ. ಅಂಜಿಕೆ ನಿರಾಧಾರವಲ್ಲ. ತಡೆಹಿಡಿಯುವ ಕೋರಿಕೆಗಳನ್ನು ಗೋಪ್ಯವಾಗಿಡಬೇಕೆಂದು ೨೦೦೯ರ ನಿಯಮಗಳೇ ವಿಧಿಸಿವೆ. ಗೋಪ್ಯವಾಗಿ ಅಳಿಸುವ ಅಧಿಕಾರ ಯಾವ ಸರಕಾರದ ಕೈಯಲ್ಲಿದ್ದರೂ ಅಪಾಯವೇ. ಆದರೆ ತಕ್ಕಡಿಯನ್ನು ಪರೀಕ್ಷಿಸುವ ಅಧಿಕಾರಿಯು ಗಿರಾಕಿ ಏನನ್ನು ಕೊಳ್ಳಬೇಕೆಂದು ಆಜ್ಞಾಪಿಸುವುದಿಲ್ಲ. ಮಾತಿನ ಪರೀಕ್ಷೆ ಬೇರೆ, ತಕ್ಕಡಿಯ ಪರೀಕ್ಷೆ ಬೇರೆ. ಯುರೋಪ್ ಒಕ್ಕೂಟವು ೨೦೨೨ರಲ್ಲಿ ಮಾಡಿದ ಡಿಜಿಟಲ್ ಸೇವೆಗಳ ಕಾಯಿದೆ ಈ ವ್ಯತ್ಯಾಸವನ್ನು ಅರಿತಿದೆ. ಅಲ್ಲಿ ೪.೫ ಕೋಟಿಗಿಂತ ಹೆಚ್ಚು ಬಳಕೆದಾರರುಳ್ಳ ಜಾಲತಾಣವು ತನ್ನ ವ್ಯವಸ್ಥೆಯಿಂದ ಸಮಾಜಕ್ಕೆ ಒದಗುವ ಅಪಾಯವನ್ನು ವರ್ಷಕ್ಕೊಮ್ಮೆ ಅಳೆಯಬೇಕು, ಹೊರಗಿನ ಲೆಕ್ಕಪರಿಶೋಧಕರಿಗೆ ತೆರೆದು ತೋರಿಸಬೇಕು. ಯಾರದಾದರೂ ಬರಹವನ್ನು ತೆಗೆದರೆ ಅವನಿಗೆ ಕಾರಣ ತಿಳಿಸಬೇಕು. ತಪ್ಪಿದರೆ ಜಾಗತಿಕ ವಹಿವಾಟಿನ ಶೇಕಡ ೬ರವರೆಗೆ ದಂಡ.

ಭಾರತಕ್ಕೂ ಬೇಕಾದುದು ಇಂತಹ ಕಾನೂನು. ಆರಿಸಿ ತೋರಿಸುವ ಸಂಸ್ಥೆಗೆ ಅಂಚೆಯವನ ರಕ್ಷಣೆ ಸಲ್ಲದು. ಅದರ ಲೆಕ್ಕಾಚಾರವು ಸ್ವತಂತ್ರ ಪರಿಶೋಧಕರ ಮುಂದೆ ವರ್ಷಕ್ಕೊಮ್ಮೆ ತೆರೆದುಕೊಳ್ಳಲಿ. ಸರಕಾರವು ಅಳಿಸುವುದೆಲ್ಲವೂ ಕಾರಣಸಹಿತವಾಗಿ ಬರೆದವನಿಗೆ ತಿಳಿಯಲಿ. ಮಾನ ಕಳೆದುಕೊಂಡ ಹಳ್ಳಿಯ ಹೆಣ್ಣುಮಗಳು ಕನ್ನಡದಲ್ಲಿಯೇ ದೂರು ಕೊಟ್ಟು ಕನ್ನಡದಲ್ಲಿಯೇ ಉತ್ತರ ಪಡೆಯುವಂತಾಗಲಿ. ಇದನ್ನು ತಮ್ಮ ಶಾಸಕರಲ್ಲಿಯೂ ಸಂಸದರಲ್ಲಿಯೂ ಕೇಳುವುದು ವಾಚಕರ ಹಕ್ಕು. ಅದಕ್ಕೂ ಮೊದಲು, ಸತ್ಯವೋ ಅಸತ್ಯವೋ ತಿಳಿಯದ ಸಂದೇಶವನ್ನು ಮುಂದೂಡದೆ ಬೆರಳನ್ನು ತಡೆಹಿಡಿಯುವುದು ಅವರ ಕರ್ತವ್ಯ. ಅನುಮೋದನೆಯ ಪಾಪಕ್ಕೆ ಯಾವ ಕಲಮೂ ವಿನಾಯಿತಿ ಕೊಡಲಾರದು.