ದನಿ ತಲುಪುತ್ತದೆ, ಮಾತ್ರೆ ತಲುಪುವುದಿಲ್ಲ

2020ರ ಮಾರ್ಚ್ 25. ಲಾಕ್‌ಡೌನ್‌ನ ಮೊದಲ ದಿನ. ರೋಗಿಯನ್ನು ಎದುರಿಗೆ ಕೂರಿಸಿಕೊಳ್ಳದೆ ಫೋನಿನಲ್ಲಿ, ವಿಡಿಯೊದಲ್ಲಿ ನೋಡಲು ವೈದ್ಯರಿಗೆ ಅವಕಾಶ ಕೊಡುವ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದೂ ಅಂದೇ. ಮದ್ಯದಂಗಡಿಗಳು ಮುಚ್ಚಿದ್ದವು. ಕೇರಳದಲ್ಲಿ ಮದ್ಯ ಸಿಗದೆ ಕೆಲವರು ಪ್ರಾಣ ಕಳೆದುಕೊಂಡರು. ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡುತ್ತೇವೆಂದು ಅಲ್ಲಿನ ಸರ್ಕಾರ ಹೊರಟಾಗ ಹೈಕೋರ್ಟ್ ತಡೆ ಹಾಕಿತು. ಚಟವನ್ನು ಕೊಬ್ಬು, ಶೋಕಿ ಎಂದು ಮೂಗು ಮುರಿಯುತ್ತಿದ್ದವರಿಗೂ ಅದು ಕಾಯಿಲೆ ಎಂಬುದು ಆ ದಿನಗಳಲ್ಲಿ ಕಣ್ಣಿಗೆ ಬಿತ್ತು.

ಫೋನಿನಲ್ಲಿ ಆಪ್ತಸಮಾಲೋಚನೆ ಎಂಬುದು ಆಗ ಅನಿವಾರ್ಯವಾಗಿತ್ತು. ಈಗ ವ್ಯವಸ್ಥೆಯ ಭಾಗವೇ ಆಗಿದೆ. ಅದರ ಅಗತ್ಯವೆಷ್ಟು ಎಂಬುದಕ್ಕೆ ದೆಹಲಿಯ ಏಮ್ಸ್‌ನ ತಜ್ಞರು ನಡೆಸಿದ ರಾಷ್ಟ್ರೀಯ ಸಮೀಕ್ಷೆ ಸಾಕು. 2019ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ, ಕಾನೂನುಬಾಹಿರ ಮಾದಕ ವಸ್ತುಗಳಿಗೆ ದಾಸರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

ಚಿಕಿತ್ಸೆ ಸಿಕ್ಕಿದ ಆ ಒಬ್ಬರ ಕಥೆಯೂ ಆಸ್ಪತ್ರೆಯಿಂದ ಬಿಡುಗಡೆಯಾದ ದಿನಕ್ಕೆ ಮುಗಿಯುವುದಿಲ್ಲ. ನಿಜವಾದ ಪರೀಕ್ಷೆ ಶುರುವಾಗುವುದೇ ಮನೆಗೆ ಬಂದ ಮೇಲೆ. ಅದೇ ಓಣಿ, ಅದೇ ಗೆಳೆಯರು, ಅದೇ ಸಂಬಳದ ದಿನ. ಮೊದಲ ಕೆಲವು ತಿಂಗಳಲ್ಲಿ ಜಾರುವವರೇ ಹೆಚ್ಚು. ಹೆರಾಯಿನ್‌ನಂಥ ಮಾದಕದ ವಿಷಯದಲ್ಲಿ ಹೀಗೆ ಜಾರುವುದು ಪ್ರಾಣಕ್ಕೇ ಬರಬಹುದು: ಕೆಲವು ವಾರ ಬಿಟ್ಟಿದ್ದರೆ ದೇಹ ಹಳೆಯ ಸಹಿಷ್ಣುತೆಯನ್ನು ಕಳೆದುಕೊಂಡಿರುತ್ತದೆ, ಹಿಂದೆ ಅರಗಿಸಿಕೊಂಡಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸುತ್ತದೆ.

ಫೋನಿನ ಸಮಾಲೋಚನೆಗೆ ತಕ್ಕ ಜಾಗ ಇದು. ಸಿಂಧನೂರಿನವರೊಬ್ಬರು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಬರಬೇಕೆಂದರೆ ರಾತ್ರಿಯಿಡೀ ಬಸ್ಸು, ಹೋಗಿ ಬರುವಷ್ಟರಲ್ಲಿ ಎರಡು ದಿನದ ಕೂಲಿ ಖೋತಾ, ಜೊತೆಗೆ ‘ಎಲ್ಲಿಗೆ ಹೋಗಿದ್ದೆ?’ ಎಂಬ ಊರಿನವರ ಪ್ರಶ್ನೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯ ಮಾತಿಗಾಗಿ ಇಷ್ಟನ್ನೂ ಯಾರು ತಾನೆ ಸಹಿಸುತ್ತಾರೆ? ಇನ್ನು ಬಯಕೆ ಕೆರಳುವುದು ಹೊರರೋಗಿ ವಿಭಾಗದ ವೇಳಾಪಟ್ಟಿ ನೋಡಿಕೊಂಡಲ್ಲ. ಅದು ಅಲೆಯ ಹಾಗೆ ಏರಿ ಇಳಿಯುತ್ತದೆ. ಆ ಅರ್ಧ ಗಂಟೆ ಯಾರೊಂದಿಗಾದರೂ ಮಾತನಾಡುತ್ತ ತಳ್ಳಿದರೆ ಅಂದಿನ ಮಟ್ಟಿಗೆ ಪಾರು. ಶಿಬಿರ ಮುಗಿದ ಮೇಲಿನ ಈ ಹೊತ್ತಿನ ಮಹತ್ವ ಹಳ್ಳಿಗಳಿಗೆ ಹೊಸತೇನಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ‘ನವಜೀವನ ಸಮಿತಿ’ ಎಂದು ಮತ್ತೆ ಮತ್ತೆ ಸೇರುತ್ತಾರೆ.

 

ಆದರೆ ಫೋನಿನಿಂದ ಆಗದ್ದೂ ಇದೆ. ವರ್ಷಗಟ್ಟಲೆ ಕುಡಿದು ಒಮ್ಮೆಗೇ ನಿಲ್ಲಿಸಿದವರಿಗೆ ಕೈ ನಡುಕ, ಫಿಟ್ಸ್, ಭ್ರಮೆ ಶುರುವಾದರೆ ಬೇಕಾದದ್ದು ಹಾಸಿಗೆ ಮತ್ತು ನರ್ಸು, ವಿಡಿಯೊ ಕರೆಯಲ್ಲ. ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. ಹೆರಾಯಿನ್ ವ್ಯಸನಿಗಳನ್ನು ಮತ್ತೆ ಜಾರದಂತೆ ಹಿಡಿದಿಡಲು ಹೆಚ್ಚು ಭರವಸೆಯ ಮದ್ದುಗಳಲ್ಲಿ ಒಂದು ಬ್ಯುಪ್ರೆನಾರ್ಫಿನ್. ಅದು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ; ಆ ಪಟ್ಟಿಯ ಮದ್ದುಗಳನ್ನು ಫೋನಿನಲ್ಲಿ ಬರೆದುಕೊಡಬಾರದು ಎಂದು 2020ರ ಮಾರ್ಗಸೂಚಿ ಹೇಳುತ್ತದೆ. ಅದೇ ವಸಂತದಲ್ಲಿ ಅಮೆರಿಕ ಉಲ್ಟಾ ದಾರಿ ಹಿಡಿಯಿತು: ಮುಖ ನೋಡದ ರೋಗಿಗೂ ಫೋನಿನ ಮೇಲೇ ಬ್ಯುಪ್ರೆನಾರ್ಫಿನ್ ಶುರು ಮಾಡಲು ಬಿಟ್ಟಿತು. ದುರುಪಯೋಗದ ಭಯ ಸುಳ್ಳಲ್ಲ, ಆ ಮಾತ್ರೆಯನ್ನೇ ನಶೆಗೆ ಬಳಸುವವರಿದ್ದಾರೆ. ಆದರೂ ಮಾತು ತಲುಪಿಸಿ ಮದ್ದು ತಡೆಯುವ ವ್ಯವಸ್ಥೆ ಅರ್ಧಂಬರ್ಧವೇ.

ಗುಟ್ಟಿನ ಪ್ರಶ್ನೆ ಇನ್ನೊಂದು. ಒಂದೇ ಕೋಣೆಯ ಮನೆಯಲ್ಲಿ ಅಪ್ಪನ ಎದುರು ಸಮಾಲೋಚಕರಿಗೆ ಏನು ಹೇಳಲಾದೀತು? ಮದ್ಯವ್ಯಸನಕ್ಕೆ ಆನ್‌ಲೈನ್ ಚಿಕಿತ್ಸೆ ಕೊಡುವ ಅಮೆರಿಕದ ಮಾನ್ಯುಮೆಂಟ್ ಎಂಬ ಕಂಪನಿ ಗ್ರಾಹಕರ ಮಾಹಿತಿಯನ್ನು ಜಾಹೀರಾತು ಸಂಸ್ಥೆಗಳಿಗೆ ಹಂಚಿತ್ತು ಎಂದು ಅಲ್ಲಿನ ವ್ಯಾಪಾರ ಆಯೋಗ 2024ರಲ್ಲಿ ಕ್ರಮಕ್ಕೆ ಇಳಿಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನವನ್ನೂ ತನ್ನ ವ್ಯಾಪ್ತಿಗೆ ತಂದು ಗೋಪ್ಯತೆಯ ಹಕ್ಕು ಕೊಟ್ಟಿದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಆದರೆ ‘ಫೋನ್ ಮಾಡಿದರೆ ಪೊಲೀಸರು ಬರುತ್ತಾರಾ?’ ಎಂದು ಅಳುಕುವ ಹುಡುಗನಿಗೆ ಕಲಂಗಳು ಗೊತ್ತಿರುವುದಿಲ್ಲ. ಸಹಾಯವಾಣಿಯ ಜಾಹೀರಾತಿನಲ್ಲಿ ಮೊದಲು ಹೇಳಬೇಕಾದದ್ದೇ ಇದು.

ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ತರಬೇತಿ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮನೋರೋಗಕ್ಕೆ ಮದ್ದು ಕೊಡಬಲ್ಲರು ಎಂದು ಎಂಬತ್ತರ ದಶಕದಲ್ಲಿ ತೋರಿಸಿದ್ದು ಬಳ್ಳಾರಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಿಮ್ಹಾನ್ಸ್ 2014ರಿಂದ ದೂರದೂರಿನ ವೈದ್ಯರಿಗೆ ವಿಡಿಯೊದಲ್ಲಿ ವ್ಯಸನ ಚಿಕಿತ್ಸೆಯ ಪಾಠ ಹೇಳುತ್ತ ಬಂದಿದೆ. ಮೊದಲ ಭೇಟಿ, ಮಾತ್ರೆ, ಮೂತ್ರ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿ. ವಾರವಾರದ ಮಾತು ಫೋನಿನಲ್ಲಿ. ಇವೆರಡನ್ನೂ ಹೊಲಿದು ಜೋಡಿಸುವುದು ಸರ್ಕಾರ ಮಾಡಬೇಕಾದ ಕೆಲಸ. ಹಾಗೆ ಜೋಡಿಸದೆ ಇನ್ನೊಂದು ಆ್ಯಪ್ ಬಿಡುಗಡೆ ಮಾಡುವುದರಿಂದ ಉದ್ಘಾಟನೆಯ ಫೋಟೊ ಸಿಕ್ಕೀತು, ಅಷ್ಟೇ.

ಅಲ್ಲಿಯವರೆಗೆ ಇರುವುದನ್ನಾದರೂ ಬಳಸಿಕೊಳ್ಳಬೇಕು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416: ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಚಟ ಬಿಡುತ್ತಿರುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.