ಇರುಳಿನ ಸಂಗೀತವೂ ನಮ್ಮ ಹೆಣ್ಣುಮಕ್ಕಳ ವಾಚನವೂ

ಸಂಗೀತವನ್ನೂ ಇರುಳಿನ ನೃತ್ಯಗೃಹವನ್ನೂ ವಿಷಯವಾಗುಳ್ಳ ಚಿತ್ರಕಥಾಮಾಲೆಯೊಂದು ಹೆಣ್ಣುಮಕ್ಕಳ ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಚರ್ಚೆಗೆ ಬಂದುದನ್ನು ಕಂಡು ಕೆಲವು ಪೋಷಕರು ಆಶ್ಚರ್ಯಪಟ್ಟಾರು. ಆದರೆ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುತ್ತಾರೆ. ಮಕ್ಕಳು ಓದುವ ಪುಸ್ತಕಗಳ ಗುಣದೋಷಗಳನ್ನು ತೂಗಿ ನೋಡುವ ಹೊಣೆಯು ಮನೆಗೂ ಶಾಲೆಗೂ ಸಮವಾಗಿ ಸೇರಿದ್ದಾಗಿದೆ. ಆದುದರಿಂದ ‘ಫೋನೋಗ್ರಾಮ್’ ಎಂಬ ಆಂಗ್ಲ ಚಿತ್ರಕಥೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸುವೆವು.

ಇದರ ಕಥೆಯನ್ನು ಬರೆದವರು ಕೀರನ್ ಗಿಲೆನ್; ಚಿತ್ರಗಳನ್ನು ರಚಿಸಿದವರು ಜೇಮೀ ಮೆಕೆಲ್ವಿ. ಇಬ್ಬರೂ ಬ್ರಿಟನ್ನಿನವರು. ಅಮೆರಿಕದ ಇಮೇಜ್ ಕಾಮಿಕ್ಸ್ ಸಂಸ್ಥೆಯು ಇದನ್ನು 2006ರಿಂದ 2016ರ ವರೆಗೆ ಮೂರು ಭಾಗಗಳಾಗಿ ಬಿಡಿಸಂಚಿಕೆಗಳಲ್ಲಿ ಪ್ರಕಟಿಸಿತು. ಸಂಗೀತವೇ ಮಂತ್ರಶಕ್ತಿಯೆಂದೂ, ಅದನ್ನು ಪ್ರಯೋಗಿಸಬಲ್ಲ ಮಾಂತ್ರಿಕರು ಇರುವರೆಂದೂ ಕಲ್ಪಿಸಿ ಕಥೆಯನ್ನು ಹೆಣೆದಿದ್ದಾರೆ.

ವಿಮರ್ಶಕರು ಇದರ ಮೇಲೆ ಹೊರಿಸಿದ ದೋಷಗಳಲ್ಲಿ ಮೊದಲನೆಯದು ಇದು: 1990ರ ದಶಕದ ಬ್ರಿಟಿಷ್ ವಾದ್ಯತಂಡಗಳನ್ನು ಅರಿಯದ ಓದುಗನು ಬಾಗಿಲಾಚೆಯೇ ನಿಲ್ಲಬೇಕಾಗುತ್ತದೆ. ಪುಸ್ತಕದ ಕೊನೆಯಲ್ಲಿ ಪದವಿವರಣೆಯನ್ನು ಸೇರಿಸಬೇಕಾಗಿ ಬಂದುದೇ ಈ ಆಕ್ಷೇಪಕ್ಕೆ ಸಾಕ್ಷಿ. ಎರಡನೆಯದು, ಪಾತ್ರಗಳ ಅಹಂಕಾರ. ಮೊದಲನೆಯ ಭಾಗವಾದ ‘ರೂ ಬ್ರಿಟಾನಿಯಾ’ದ ನಾಯಕ ಡೇವಿಡ್ ಕೋಲ್ ಸ್ವಾರ್ಥಿ; ಸ್ತ್ರೀಯರ ವಿಷಯದಲ್ಲಿ ಅವನ ನಡತೆ ಮೆಚ್ಚತಕ್ಕದ್ದಲ್ಲ. ಮೊದಲನೆಯ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಎರಡನೆಯದನ್ನು ಅರ್ಧಮಾತ್ರ ಒಪ್ಪುತ್ತೇವೆ. ಏಕೆಂದರೆ ಕಥೆಯು ಅವನ ತಪ್ಪನ್ನು ಮರೆಮಾಡದೆ ಅವನನ್ನು ದಂಡನೆಗೆ ಗುರಿಮಾಡುತ್ತದೆ.

ಎರಡನೆಯ ಭಾಗವಾದ ‘ದಿ ಸಿಂಗಲ್ಸ್ ಕ್ಲಬ್’ ಇವುಗಳಲ್ಲಿ ಉತ್ತಮವಾದದ್ದೆಂಬುದು ನಮ್ಮ ಮತ. 2006ರ ದಶಂಬರ ತಿಂಗಳ ಒಂದೇ ರಾತ್ರಿ, ಬ್ರಿಸ್ಟಲ್ ನಗರದ ಒಂದೇ ನೃತ್ಯಗೃಹ, ಏಳು ಸಂಚಿಕೆಗಳು. ಅಲ್ಲಿ ಮೂರು ನಿಯಮಗಳುಂಟು: ಬಂದವರು ಕುಣಿಯಲೇಬೇಕು; ಗಂಡಸರು ಹಾಡಿದ ಹಾಡನ್ನು ನುಡಿಸಕೂಡದು; ಮಂತ್ರಪ್ರಯೋಗ ಸಲ್ಲದು. ಒಬ್ಬರ ಸಂಚಿಕೆಯಲ್ಲಿ ಅಲ್ಪವಾಗಿ ತೋರಿದ ಮಾತು ಮತ್ತೊಬ್ಬರ ಸಂಚಿಕೆಯಲ್ಲಿ ದೊಡ್ಡ ಗಾಯವಾಗಿ ಕಾಣುತ್ತದೆ. ಕುಣಿತವನ್ನೇ ಪ್ರಾಣವೆಂದೆಣಿಸಿದ ಪೆನ್ನಿಯು ತನ್ನನ್ನು ಎಲ್ಲರೂ ಪ್ರೀತಿಸುವರೆಂದು ನಂಬಿದ್ದಾಳೆ. ಅವಳ ಗೆಳತಿ ಲಾರಾ ಒಳಗೊಳಗೇ ಅಸೂಯೆಯಿಂದ ಬೇಯುತ್ತಾಳೆ. ಮಾರ್ಕ್ ಎಂಬವನನ್ನು ಒಂದು ಹಾಡು ಹಳೆಯ ನೆನಪಾಗಿ ಕಾಡುತ್ತದೆ. ಅವರೆಲ್ಲರಲ್ಲಿ ಹೆಚ್ಚು ಸಂತೋಷಪಡುವವನೋ ಸಂಗೀತಶಾಸ್ತ್ರದ ಗೊಡವೆಯೇ ಇಲ್ಲದವನು! ತಿಳಿದವರ ಗರ್ವಕ್ಕೆ ಇದಕ್ಕಿಂತ ತಕ್ಕ ಉತ್ತರ ಬೇಕೇ?

ಮಾತಾಪಿತೃಗಳ ಭಯವನ್ನು ನಾವು ಲಘುವಾಗಿ ಎಣಿಸುವವರಲ್ಲ. ಇದರಲ್ಲಿ ಮದ್ಯಪಾನವುಂಟು, ಒರಟು ಮಾತುಂಟು. ಕೆಳಗಿನ ತರಗತಿಗಳ ಬಾಲಿಕೆಯರ ಕೈಗೆ ಇದನ್ನು ಕೊಡತಕ್ಕದ್ದಲ್ಲ. ಶಾಲೆಯನ್ನು ಮುಗಿಸಿ ನಗರವಾಸಕ್ಕೆ ಹೋಗುವ ಯುವತಿಯ ಸಂಗತಿ ಬೇರೆ. ಅವಳು ಅಂಥ ರಾತ್ರಿಗಳ ಸುದ್ದಿಯನ್ನು ಹೇಗೂ ಕೇಳುವಳು. ಆ ಬೆಳಕಿನ ಹಿಂದಿರುವ ಒಂಟಿತನವನ್ನೂ ಮತ್ಸರವನ್ನೂ ಅರಿತು ಹೋಗುವುದು ಅರಿಯದೆ ಹೋಗುವುದಕ್ಕಿಂತ ಲೇಸು.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಮದ್ಯದ ಬಟ್ಟಲಲ್ಲ, ರುಚಿಯ ಗರ್ವ. ಈ ಪುಸ್ತಕದ ಜನರು ಪರರನ್ನು ಅಳೆಯುವುದು ಅವರು ಕೇಳುವ ಹಾಡುಗಳಿಂದ. ನಮ್ಮ ಹುಡುಗಿಯರಲ್ಲಿಯೂ ಈ ರೋಗವಿಲ್ಲವೆನ್ನಲಾರೆವು. ಅಜ್ಜಿಯಿಂದ ಕಲಿತ ಸೋಬಾನೆಯನ್ನು ಹಾಡುವವಳು ಹಳ್ಳಿಯವಳೆಂದೂ, ಪರದೇಶದ ಹಾಡನ್ನು ಗುನುಗುವವಳು ನಾಗರಿಕಳೆಂದೂ ಎಣಿಸುವುದುಂಟು. ಹಿರಿಯರೂ ಇದರಿಂದ ಪಾರಾದವರಲ್ಲ. ಮಗಳ ಹಾಡನ್ನು ಪೂರ್ತಿ ಕೇಳುವ ಮುನ್ನವೇ ಅದು ಕಿರಿಚಾಟವೆಂದು ತೀರ್ಪಿಡುತ್ತೇವೆ. ಹೀಗೆ ಅಲ್ಲಗಳೆಯಲ್ಪಟ್ಟ ಹುಡುಗಿಯು ತನ್ನ ಹಾಡನ್ನು ಬಚ್ಚಿಡುವಳು. ಮುಂದೆ ತನ್ನ ದುಃಖವನ್ನೂ ಬಚ್ಚಿಡುವಳು.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ. ಮುಖಪುಟವನ್ನು ಕಂಡಮಾತ್ರಕ್ಕೆ ಪುಸ್ತಕವನ್ನು ಕಿತ್ತುಕೊಳ್ಳಬೇಡಿರಿ. ನೀವೂ ಒಮ್ಮೆ ಓದಿರಿ. ಮಗಳ ಮೆಚ್ಚಿನ ಹಾಡನ್ನು ಕೊನೆಯ ವರೆಗೆ ಕೇಳಿರಿ. ಅದಾದ ಮೇಲೆ ನೀವು ಹೇಳುವ ಬುದ್ಧಿಮಾತನ್ನು ಅವಳೂ ಕೊನೆಯ ವರೆಗೆ ಕೇಳಿಯಾಳು.